ಮೂರನೇ ಮೆಷಿನ್

1973ರಲ್ಲಿ ನಾನು ದೊಡ್ಡಬಳ್ಳಾಪುರ ರಸ್ತೆಯ ಒಂದು ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಅದೇನು ಕೆಲಸ ಎಂದು ನೆಂಟರಿಗೆ ವಿವರಿಸುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿದ್ದ ಕಾಲ. ಕಂಪ್ಯೂಟರಿಗೆ ಏರ್‌ಕಂಡೀಷನ್ ಕೋಣೆ, ನಮಗೆ ಪಕ್ಕದ ತಗಡಿನ ಶೆಡ್ಡು. ನಾವು ಫೋರ್ಟ್ರಾನ್ ಭಾಷೆಯಲ್ಲಿ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಪಂಚಿಂಗ್ ಆಪರೇಟರುಗಳು ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ ಹೊಡೆಯುತ್ತಿದ್ದರು. ಆ ತೂತುಗಳನ್ನೇ ಕಂಪ್ಯೂಟರ್ ಓದುತ್ತಿತ್ತು.

ಆಪರೇಟರುಗಳೆಲ್ಲ ಹೆಣ್ಣುಮಕ್ಕಳು. ನಮ್ಮ ಚೀಫ್ ಅವರಲ್ಲಿ ಒಬ್ಬರನ್ನಾದರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. "ಒಂದನೇ ಮೆಷಿನ್, ಬಾಮ್ಮ ಇಲ್ಲಿ" ಎಂದರೆ ಆ ಮೆಷಿನ್ನಿನ ಮುಂದೆ ಕೂತವಳು ಎದ್ದು ಹೋಗಬೇಕು. ಮೂರನೇ ಮೆಷಿನ್ ಎಂದರೆ ರತ್ನಮ್ಮ. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿ. ಮಗ್ಗದ ಜಕಾರ್ಡಿಗೆ ರಟ್ಟು ತೂತು ಹೊಡೆಯುವುದು ಅವಳ ಅಪ್ಪನ ಕಸುಬು. ಸೀರೆಯ ಸೆರಗಿನಲ್ಲಿ ಹೂವು ಮೂಡುವುದು ಆ ತೂತುಗಳಿಂದಲೇ. "ನಮ್ಮಪ್ಪನ ರಟ್ಟಿಂದ ಹೂ ಬರುತ್ತೆ ಸಾರ್, ನಿಮ್ದ್ರಿಂದ ಬರೀ ನಂಬರು" ಎಂದು ನನ್ನನ್ನು ರೇಗಿಸುತ್ತಿದ್ದಳು. ಅವಳ ಪ್ರೊಬೇಷನ್ ಮುಗಿಯುತ್ತ ಬಂದಿತ್ತು. ಖಾಯಂ ಆದರೆ ಆ ಮನೆಯಲ್ಲಿ ಮಗ್ಗದ ಗದ್ದಲದಿಂದ ಆಚೆ ಬಂದ ಮೊದಲನೆಯವಳು ಅವಳು.

ಆಗ ಬೋಲ್ಟಿನ ರಾಮಾಯಣ ಶುರುವಾಯಿತು. ಗೇರ್‌ಬಾಕ್ಸಿನ ಮುಚ್ಚಳಕ್ಕೆ ನಾಲ್ಕು ಬೋಲ್ಟ್. ಕಂಪ್ಯೂಟರ್ ಅಚ್ಚು ಹಾಕಿದ ಹಾಳೆಯಲ್ಲಿ ಮೊದಮೊದಲು ನಾಲ್ಕೇ ಇತ್ತು. ಕೆಳಗೆ ಹೋದಂತೆ ಐದು, ಆರು, ಕೊನೆಗೆ ಒಂಬತ್ತು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತಲ್ಲ, ಡ್ರಿಲ್ಲಿಂಗ್ ವಿಭಾಗದವರು ಹಾಳೆ ನೋಡಿಕೊಂಡು ಅಷ್ಟಷ್ಟೇ ತೂತು ಕೊರೆದರು. ಮುಚ್ಚಳಗಳೆಲ್ಲ ಜರಡಿಯಾಗಿ ಗುಜರಿ ಸೇರಿದವು.

ಜನರಲ್ ಮ್ಯಾನೇಜರ್ ಕೂಗಾಡಿ ಹೋದ ಮೇಲೆ ಚೀಫ್ ಎಲ್ಲರನ್ನೂ ಸೇರಿಸಿದರು. "ಕಂಪ್ಯೂಟರಿಗೆ ನಾಲ್ಕು ಅಂದ್ರೆ ನಾಲ್ಕೇ ಕಣ್ರೀ. ಕೂತಲ್ಲೇ ಐದಾಗೋಕೆ ಅದೇನು ಬಸುರಿಯಾ? ತೂತು ಹೊಡೆದೋಳು ತಪ್ಪಿದಾಳೆ."

ಒಂದಿಬ್ಬರು ನಕ್ಕರು. ಆ ಪ್ರೋಗ್ರಾಮಿನ ಕಾರ್ಡು ಹೊಡೆದಿದ್ದ ರತ್ನಮ್ಮ ಎದ್ದು ನಿಂತಳು. "ನನ್ ಕಾರ್ಡ್ ತೆಗ್ದು ನೋಡಿ ಸಾರ್."

"ಅದಕ್ಕೆಲ್ಲ ಪುರಸೊತ್ತಿಲ್ಲ. ಮೂರನೇ ಮೆಷಿನ್, ಬ್ಯಾಗ್ ತಗೊಂಡು ಹೊರಡು."

ಪ್ರೊಬೇಷನ್‌ನಲ್ಲಿದ್ದವರನ್ನು ತೆಗೆಯಲು ವಿಚಾರಣೆ ಬೇಕಿರಲಿಲ್ಲ. ಅವಳು ಹೋದಳು.

ಅವಳ ಕಾರ್ಡುಗಳನ್ನು ನಾನು ತೆಗೆದು ನೋಡಿದೆ. ಒಂದು ತೂತೂ ತಪ್ಪಿರಲಿಲ್ಲ. ಹಾಗಾದರೆ ನಾಲ್ಕು ಹೇಗೆ ಕೆಟ್ಟಿತು? ಊಟ ತಿಂಡಿ ಬಿಟ್ಟು ಹುಡುಕಿದ ಮೇಲೆ ಗೊತ್ತಾಯಿತು. ನಾವು 4 ಎಂದು ಬರೆದಾಗ ಅದು ಬರೀ ಒಂದು ಮೌಲ್ಯ ಎಂದುಕೊಳ್ಳುತ್ತೇವೆ. ನಮ್ಮ ಕಂಪ್ಯೂಟರ್ ಮೆಮೊರಿಯಲ್ಲಿ ಅದಕ್ಕೊಂದು ಜಾಗ ಕೊಟ್ಟು, ಸಬ್‌ರುಟೀನ್ ಎಂಬ ಉಪಪ್ರೋಗ್ರಾಮಿಗೆ ಆ ಜಾಗದ ವಿಳಾಸವನ್ನು ಕೊಡುತ್ತಿತ್ತು. ಇದೇ ಪಾಯಿಂಟರ್. ಪಕ್ಕದ ಮನೆಗೆ ಒಂದು ಬಟ್ಟಲು ಸಾರು ಕೊಡುವುದು ಬೇರೆ, ಅಡುಗೆಮನೆಯ ಬೀಗದ ಕೈ ಕೊಡುವುದು ಬೇರೆ. ಬಟ್ಟಲಿನ ಸಾರಿಗೆ ಅವರು ಎಷ್ಟು ಉಪ್ಪು ಹಾಕಿಕೊಂಡರೂ ನಮ್ಮ ಪಾತ್ರೆಯ ಸಾರು ಕೆಡುವುದಿಲ್ಲ. ಇಲ್ಲಿ ಬೀಗದ ಕೈಯೇ ಹೋಗಿತ್ತು. ಐದು ಬೋಲ್ಟ್ ಬೇಕಾದ ರಫ್ತಿನ ಮಾಡೆಲ್ ಬಂದಾಗಲೆಲ್ಲ ಆ ಸಬ್‌ರುಟೀನ್ ಒಂದು ಬೋಲ್ಟ್ ಕೂಡಿಸಿ, ಉತ್ತರವನ್ನು ಅದೇ ಜಾಗದಲ್ಲಿ ಇಟ್ಟುಬಿಡುತ್ತಿತ್ತು. ಅಲ್ಲಿಂದಾಚೆ ಇಡೀ ಪ್ರೋಗ್ರಾಮಿನಲ್ಲಿ 4 ಎಂದು ಬರೆದಲ್ಲೆಲ್ಲ ಐದು, ಮುಂದಿನ ಸಲಕ್ಕೆ ಆರು. ಸಬ್‌ರುಟೀನ್ ಬರೆದವರು ಚೀಫ್.

ಅವರ ಮುಂದೆ ಇಟ್ಟೆ. ಕನ್ನಡಕ ತೆಗೆದು ಒರೆಸಿದರು. "ಸರಿ, ತಿದ್ದಿಬಿಡಿ."

"ರತ್ನಮ್ಮ?"

"ಪ್ರೋಗ್ರಾಂ ತಿದ್ದೋದು ನಿಮ್ಮ ಕೆಲಸ. ಜನಾನ ತಿದ್ದೋದು ನಂದು."

ನೇರ ಜನರಲ್ ಮ್ಯಾನೇಜರ್ ಹತ್ತಿರ ಹೋದೆ. ಅವರು ಕೇಳಿದರು, ಒಪ್ಪಿದರು, ಆರ್ಡರ್ ಬರೆದು ತರಲು ಚೀಫ್‌ಗೇ ಹೇಳಿದರು. ಆರ್ಡರ್ ಬಂತು: "ಮೂರನೇ ಪಂಚಿಂಗ್ ಮೆಷಿನ್ನಿನ ಆಪರೇಟರ್ ನಿರ್ದೋಷಿ. ಅವರನ್ನು ಈ ಕೂಡಲೇ ಖಾಯಂ ಮಾಡತಕ್ಕದ್ದು."

ಅಷ್ಟರಲ್ಲಿ ಮೂರನೇ ಮೆಷಿನ್ನಿನ ಮುಂದೆ ಚೀಫ್ ಅವರ ಷಡ್ಡಕನ ಮಗಳು ಕೂತಾಗಿತ್ತು. ಅವಳು ಖಾಯಂ ಆದಳು. ಪಾಪ, ಏನೂ ಅರಿಯದ ಹುಡುಗಿ. ಎಲ್ಲರಿಗೂ ಮೈಸೂರು ಪಾಕ್ ಹಂಚಿದಳು. ಚೀಫ್ ಎರಡು ತಿಂದರು. ನಾನು ಮತ್ತೆ ಮೇಲೆ ಓಡಿದೆ. "ಆರ್ಡರ್ ಆಗಿದೆಯಲ್ಲ, ಇನ್ನೇನ್ರೀ?" ಎಂದು ಜನರಲ್ ಮ್ಯಾನೇಜರ್ ಫೋನ್ ಎತ್ತಿಕೊಂಡರು.

ಆರ್ಡರಿನ ಸುದ್ದಿ ಕಾರ್ಖಾನೆಯವರ ಬಾಯಿಂದ ದೊಡ್ಡಬಳ್ಳಾಪುರ ಮುಟ್ಟಿತ್ತು. ಮರುದಿನ ರತ್ನಮ್ಮ ಊಟದ ಡಬ್ಬಿ ಸಮೇತ ಗೇಟಿಗೆ ಬಂದಳು, ತಲೆ ತುಂಬ ಕನಕಾಂಬರ ಮುಡಿದುಕೊಂಡು. ವಾಚ್‌ಮನ್ ಒಳಗೆ ಹೇಳಿಕಳಿಸಿದ. ಚೀಫ್ ಗೇಟಿನವರೆಗೂ ನಡೆದು ಬಂದರು. ಅಷ್ಟು ದೂರ ಅವರು ಯಾರಿಗಾಗಿಯೂ ನಡೆದವರಲ್ಲ.

"ಏನಪ್ಪಾ, ಮೂರನೇ ಮೆಷಿನ್ ಒಳಗೆ ಕೂತಿದೆಯಲ್ಲ. ಇವಳ್ಯಾರು?" ಎಂದು ವಾಚ್‌ಮನ್‌ನನ್ನು ಕೇಳಿ ಹಿಂತಿರುಗಿದರು.

ರತ್ನಮ್ಮ ಅಳಲಿಲ್ಲ. ಚೀಫ್ ಹಿಂದೆಯೇ ಓಡಿಬಂದಿದ್ದ ನನ್ನನ್ನು ನೋಡಿದಳು. "ಅದ್ರಲ್ಲಿ ನನ್ ಹೆಸರು ಇರ್ಲಿಲ್ವಾ ಸಾರ್?"

"ಇರ್ಲಿಲ್ಲಮ್ಮ."

ಅವಳು ಬಸ್ಸಿನ ಕಡೆ ನಡೆದಳು. ಮಗ್ಗಕ್ಕೇ ಮರಳಿದಳೆಂದು ಆಮೇಲೆ ಕೇಳಿದೆ.

ಮುಂದೆ ಎಷ್ಟೋ ಹುಡುಗರಿಗೆ ಪಾಯಿಂಟರ್ ಕಲಿಸಿದೆ. ನಿನ್ನ ಕೈಯಲ್ಲಿರುವುದು ವಸ್ತುವೋ, ವಸ್ತು ಇದ್ದ ಜಾಗವೋ, ಮೊದಲು ಅದನ್ನು ಕೇಳಿಕೋ ಎನ್ನುತ್ತಿದ್ದೆ. ನನಗೆ ಅದನ್ನು ಕಲಿಸಿದ್ದು ಆ ಗೇಟು. ಅಂದು ಸಂಜೆ ತಿದ್ದಿದ ಪ್ರೋಗ್ರಾಮಿನ ಮೊದಲಿಗೆ ನಾನೇ ಒಂದು ಕಾರ್ಡು ಇಂಗ್ಲಿಷಿನಲ್ಲಿ ಪಂಚ್ ಮಾಡಿ ಸೇರಿಸಿದೆ: 'ಈ ಕಾರ್ಡುಗಳನ್ನು ತಪ್ಪಿಲ್ಲದೆ ಹೊಡೆದವಳು ರತ್ನಮ್ಮ.' ಫೋರ್ಟ್ರಾನಿನಲ್ಲಿ ಇಂಥ ಟಿಪ್ಪಣಿಯ ಕಾರ್ಡು ಸಿ ಅಕ್ಷರದಿಂದ ಶುರುವಾಗಬೇಕು. ಆ ಕಾರ್ಡನ್ನು ಕಂಪ್ಯೂಟರ್ ಹಾಳೆಯ ಮೇಲೆ ಅಚ್ಚು ಹಾಕುತ್ತದೆ, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.