ನನ್ನದಲ್ಲದ ಸಕ್ಕರೆ

ದೆವ್ವ, ಶಕುನ, ಕನಸಿನ ಸೂಚನೆ ಇಂಥವನ್ನು ನಾನು ನಂಬಿದವನಲ್ಲ. ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದೆ. ಈಗ ಸುಮ್ಮನೆ ಕೂತು ಕೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುಮನಾಬಾದಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಬಿಳಿ ಇಲಿಗಳನ್ನಿಟ್ಟುಕೊಂಡು ಸಂಶೋಧನೆ ಮಾಡುತ್ತಿದ್ದೆ. ಡಾಲ್ಡಾ ಬೆರೆಸಿದ ಆಹಾರ ತಿನ್ನಿಸಿ, ಮದ್ದು ಚುಚ್ಚಿ, ನಡುವಯಸ್ಸಿನವರಿಗೆ ಬರುವಂಥ ಸಕ್ಕರೆ ಕಾಯಿಲೆಯನ್ನು ಅವಕ್ಕೆ ತರಿಸುವುದು. ಆಮೇಲೆ ರಕ್ತದಲ್ಲಿ ಸಕ್ಕರೆ, ಕೊಬ್ಬು, ಮೂತ್ರಪಿಂಡ ಸೋಲುವಾಗ ಏರುವ ಯೂರಿಯಾ ಇವನ್ನು ಅಳೆಯುವುದು. ರಕ್ತಕ್ಕೆ ರಾಸಾಯನಿಕ ಬೆರೆಸಿ ಕಾಯಿಸಿದರೆ, ಸಕ್ಕರೆ ಹೆಚ್ಚಿದಷ್ಟೂ ಗಾಜಿನ ನಳಿಕೆಯಲ್ಲಿ ಹಸಿರು ಬಣ್ಣ ಗಾಢವಾಗುತ್ತದೆ. ರಾಸಾಯನಿಕ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪ್ರತಿಸಲ ನನ್ನ ಬೆರಳಿನ ರಕ್ತವನ್ನೂ ಒಂದು ನಳಿಕೆಗೆ ಹಾಕುತ್ತಿದ್ದೆ. ಅದು ಯಾವಾಗಲೂ ತಿಳಿಹಸಿರು.

ಒಂದು ಮಧ್ಯಾಹ್ನ ನನ್ನ ನಳಿಕೆಯ ಬಣ್ಣ ಎಲ್ಲ ಇಲಿಗಳದಕ್ಕಿಂತ ಗಾಢವಾಗಿ ಬಂತು. ಅದಲುಬದಲಾಗಿರಬೇಕೆಂದು ಮತ್ತೆ ಬೆರಳು ಚುಚ್ಚಿಕೊಂಡೆ. ಅದೇ ಬಣ್ಣ. ಜೊತೆಗಾರ ರೇವಣಪ್ಪನ ರಕ್ತ ಹಾಕಿದರೆ ಅವನದು ತಿಳಿಯಾಗಿಯೇ ಬಂತು.

"ಏನ್ರಿ ಇದು! ಇಷ್ಟು ಸಕ್ಕರಿ ಇದ್ರ ಮನಷ್ಯಾ ನಿಂದರಂಗಿಲ್ಲ. ಲಗೂ ದವಾಖಾನಿಗಿ ನಡೀರಿ," ಎಂದ.

ಮೈಯಲ್ಲಿ ಏನೂ ಆಗಿರಲಿಲ್ಲ. ಆದರೆ ನಿಂತಲ್ಲಿ ನಿಲ್ಲಲಾರದ ಚಡಪಡಿಕೆ. ದವಾಖಾನೆಗೆಂದು ಹೊರಟವನು ಬಸವಕಲ್ಯಾಣದ ಬಸ್ಸು ಹತ್ತಿದ್ದೆ. ಅಲ್ಲಿ ನನ್ನ ಅಕ್ಕ ಇದ್ದಳು. ಅವಳನ್ನು ನೋಡಬೇಕೆಂದು ಯೋಚಿಸಿದ ನೆನಪೂ ನನಗಿಲ್ಲ.

ಅಕ್ಕ ಹಾಸಿಗೆ ಹಿಡಿದಿದ್ದಳು. ಭಾವ ನನ್ನನ್ನು ಕಂಡು, "ಜ್ವರ ಬಂದಾವ. ಬರೇ ನೀರ ಕುಡ್ಯಾಕತ್ತಿದ್ಳು, ಈಗ ಮಾತೇ ಆಡವಲ್ಲಳು. ಮಲಗ್ಲಿ ಅಂತ ಬಿಟ್ಟೀನಿ," ಎಂದರು. ಒಣಗಿದ ನಾಲಿಗೆ, ಗುಳಿಬಿದ್ದ ಕಣ್ಣು. ನೀರಿನ ಬಾಟಲಿ ಬರಿದು ಮಾಡಿ ಮುದುಡಿ ಬೀಳುವ ನನ್ನ ಇಲಿಗಳು ಕಣ್ಮುಂದೆ ಬಂದವು.

"ಇದು ಜ್ವರದ ಮಂಪರ ಅಲ್ರಿ ಭಾವ, ಎತ್ತರಿ," ಎಂದೆ. ಆಸ್ಪತ್ರೆಗೆ ಒಯ್ದೆವು. ಅವಳಿಗೆ ಸಕ್ಕರೆ ಕಾಯಿಲೆಯಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬೆಳಗಾಗಲೆಂದು ಕಾದಿದ್ದರೆ ಕೈ ಮೀರುತ್ತಿತ್ತು ಎಂದರು ಡಾಕ್ಟರು.

ಸಲೈನು, ಇನ್ಸುಲಿನ್ ಹೋದ ಮೇಲೆ ಅಕ್ಕ ಕಣ್ಣು ತೆರೆದಳು. ನನ್ನನ್ನೇ ನೋಡುತ್ತ, "ತಮ್ಮಾ, ಮಧ್ಯಾನ ಬಂದು ನನ್ನ ಬೆರಳ ಯಾಕ ಚುಚ್ಚಿದಿ? ಅದೂ ಎರಡ ಸಲ?" ಎಂದಳು.

ಮಧ್ಯಾಹ್ನ ಮನೆಗೆ ಯಾರೂ ಬಂದಿರಲಿಲ್ಲ ಎಂದರು ಭಾವ.

ಹುಮನಾಬಾದಿಗೆ ಮರಳಿ ನನ್ನ ರಕ್ತ ನೋಡಿಕೊಂಡೆ. ತಿಳಿಹಸಿರು. ಇಂದಿಗೂ ನನಗೆ ಸಕ್ಕರೆ ಕಾಯಿಲೆಯಿಲ್ಲ. ನಳಿಕೆ ಕೊಳೆಯಾಗಿತ್ತು ಎನ್ನಬಹುದು, ಅಕ್ಕ ಕನವರಿಸಿದಳು ಎನ್ನಬಹುದು. ನಾನೂ ಅಂದುಕೊಂಡು ನೋಡಿದ್ದೇನೆ, ಸಮಾಧಾನವಾಗಿಲ್ಲ. ಈಗಲೂ ಬೆರಳಿಗೆ ಸೂಜಿ ಹಿಡಿದಾಗ ಒಂದು ಗಳಿಗೆ ಕೈ ನಿಲ್ಲುತ್ತದೆ. ಬರುವುದು ನನ್ನ ರಕ್ತವೇ ಎಂದು ಖಂಡಿತವಾಗಿ ಹೇಳಲಾರೆ.