ಹಡಗಿನ ತಟ್ಟೆಯಲ್ಲಿ ಖಾರ ಮಂಡಕ್ಕಿ

ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನವರು ನನ್ನ ಚೆಕ್ಕನ್ನು ವಾಪಸು ಕಳಿಸಿದ ದಿನ ನನ್ನ ಹೆಂಡತಿಗೆ ಹಬ್ಬವಾಯಿತು. "ನಿಮ್ಮ ಸಹೀನೇ ನೆಟ್ಟಗಿಲ್ಲ, ಊರೋರ ಸಹಿ ಕೂಡಿಟ್ಟು ಏನ್ ಮಾಡ್ತೀರಿ?" ಎಂದಳು. ಸಹಿ ಸಂಗ್ರಹ ನನ್ನ ಚಟ. ಹೊನ್ನಾಳಿಯಲ್ಲಿ ಈ ಚಟದವನು ನಾನೊಬ್ಬನೇ. ಇನ್ನೊಬ್ಬ ಇದ್ದಿದ್ದರೆ ಜಗಳವಾಡಿಕೊಂಡು ಇನ್ನಷ್ಟು ಸುಖವಾಗಿರುತ್ತಿದ್ದೆ.

ಅದೇ ವಾರ ಚನ್ನಗಿರಿಯ ಪಾತ್ರೆ ವ್ಯಾಪಾರಿ ಗೌಸ್ ಸಾಹೇಬರು ಫೋನ್ ಮಾಡಿದರು. "ಸಾರ್, ಬಿಳಿಚೋಡಿನಾಗೆ ಒಂದು ಹಿತ್ತಾಳೆ ತಟ್ಟೆ ಐತ್ರಿ. ತಟ್ಟೆ ತುಂಬಾ ಸಹಿ. ಯುದ್ಧದ ಕಾಲದ ಹಡಗಿಂದಂತೆ. ಆ ಯಮ್ಮ ಕೊಡಾಕೆ ಒಲ್ಲೆ ಅಂತಾರೆ, ನೀವೇ ಮಾತಾಡಿ ನೋಡ್ರಿ." ಹಡಗು! ನಾನು ಕಂಡ ದೊಡ್ಡ ನೀರೆಂದರೆ ಮಳೆಗಾಲದ ತುಂಗಭದ್ರೆ. ಬಿಳಿಚೋಡಿಗೆ ಅದೂ ಇಲ್ಲ. ಚಪ್ಪಲಿ ಅದಲುಬದಲು ಹಾಕಿಕೊಂಡೇ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಪಾಂಡಿತ್ಯ ಕುದಿಯುತ್ತಿತ್ತು. ರಾಜರು ಸೂರ್ಯಚಂದ್ರರಿರುವವರೆಗೆ ಎಂದು ತಾಮ್ರಪಟ ಕೆತ್ತಿಸಿದರು. ನಾವು ಮದುವೆಗೆ ಕೊಡುವ ಸ್ಟೀಲ್ ಡಬ್ಬಿಗೂ ಹೆಸರು ಹಾಕಿಸುತ್ತೇವೆ. ಎರಡರ ಹಿಂದಿನ ಆಸೆಯೂ ಒಂದೇ. ಆದರೆ ತಾಮ್ರಪಟಗಳು ಉಳಿದದ್ದು ರಾಜರ ಪುಣ್ಯದಿಂದಲ್ಲ, ಅವನ್ನು ಯಾರೂ ಹುಣಸೆಹಣ್ಣು ಹಾಕಿ ತಿಕ್ಕಲಿಲ್ಲ, ಅದಕ್ಕೆ. ಈ ಸತ್ಯ ನನಗೆ ಹೊಳೆದದ್ದು ತಟ್ಟೆಯ ಒಡತಿ ಬಸಮ್ಮನವರ ಮನೆ ಮುಟ್ಟಿದ ಮೇಲೆ.

ಬಸಮ್ಮನವರಿಗೆ ಎಪ್ಪತ್ತು ದಾಟಿದೆ. ಅವರ ತಂದೆ ತಿಪ್ಪಣ್ಣ ಹುಡುಗನಾಗಿದ್ದಾಗಲೇ ಮುಂಬೈಗೆ ಓಡಿಹೋಗಿ ಸರಕು ಹಡಗು ಸೇರಿದವರು, ಮಹಾಯುದ್ಧದ ಕಾಲಕ್ಕೆ ಅದರ ಚುಕ್ಕಾಣಿ ಹಿಡಿದಿದ್ದರು. ದೀಪ ಆರಿಸಿಕೊಂಡು ಸಾಗುತ್ತಿದ್ದ ಆ ಹಡಗಿಗೂ ಅದರ ಕಾವಲಿಗಿದ್ದ ಯುದ್ಧದ ಹಡಗಿಗೂ ಕತ್ತಲಲ್ಲಿ ಡಿಕ್ಕಿಯಾಯಿತು. ಸರಕಿನದು ಮುಳುಗಿತು, ಜನರನ್ನೆಲ್ಲ ಕಾವಲಿನವರು ಎತ್ತಿಕೊಂಡರು. ತಪ್ಪು ಯಾರದು? ನೀವು ಅಡ್ಡ ಬಂದಿರಿ ಎಂದು ಇವರು, ನೀವು ತಿರುಗಿಸಿದಿರಿ ಎಂದು ಅವರು. ವಿಚಾರಣೆ ನಡೆದರೂ ಇತ್ಯರ್ಥವಾಗಲಿಲ್ಲವಂತೆ. ಊರಲ್ಲಿ ಮಾತ್ರ ತಕ್ಷಣ ಆಯಿತು.

"ನಲ್ಲಿತಾವ ಜಗಳಾದ್ರೂ ಅದೇ ಮಾತ್ರೀ, ಹಡಗು ಮುಳುಗಿಸಿದೋನ ಮಗಳು ಅಂತ," ಎಂದರು ಬಸಮ್ಮ. "ಈ ಎದುರು ಮನೆ ಹಾಲಮ್ಮ ನಿನ್ನೆ ಕೂಡ ಅದೇ ಅಂದ್ಲು. ನಮ್ಮಪ್ಪ ಸಾಯಾಗಂಟ ನಂದು ತಪ್ಪಿಲ್ಲ, ಈ ತಟ್ಟೇನೇ ಸಾಕ್ಷಿ ಅಂತಿದ್ದ. ನೀವು ಓದಿದೋರು, ತಟ್ಟೆ ನೋಡಿ ಹೇಳ್ರಿ. ಆಮೇಲೆ ಕೊಡಾದು ಬಿಡಾದು ಮಾತಾಡಾನ."

ತಟ್ಟೆ ಬಂತು. ಚಿನ್ನದ ಹಾಗೆ ಥಳಥಳ! ನನ್ನ ಎದೆ ಒಡೆಯಿತು. ಅಪ್ಪನ ನೆನಪೆಂದು ಮಗಳು ಶುಕ್ರವಾರ ಶುಕ್ರವಾರ ಹುಣಸೆಹಣ್ಣು, ಬೂದಿ ಹಾಕಿ ಭಕ್ತಿಯಿಂದ ತಿಕ್ಕಿದ್ದರು. ದಡ ಮುಟ್ಟಿ ಬೇರೆಯಾಗುವ ಮುನ್ನ ಎರಡೂ ಹಡಗಿನವರು ನೆನಪಿಗೆಂದು ಮೊಳೆಯಿಂದ ಗೀಚಿದ್ದ ಸಹಿಗಳು ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದವು, ಮಿಕ್ಕ ತಟ್ಟೆಯೆಲ್ಲ ನುಣುಪು. ಲಂಗರಿನ ಗುರುತಿದ್ದರೆ ಸರಕು ಹಡಗಿನವರು, ನಕ್ಷತ್ರವಿದ್ದರೆ ಕಾವಲಿನವರು, ಚುಕ್ಕಾಣಿ ಹಿಡಿದವರು ಜೊತೆಗೊಂದು ಚಕ್ರವನ್ನೂ ಬರೆದಿದ್ದರು ಎಂದು ಅಪ್ಪ ಹೇಳಿದ್ದರಂತೆ. ನಡುವೆ ಕನ್ನಡದಲ್ಲಿ 'ತಿಪ್ಪಣ್ಣ', ಲಂಗರು, ಚಕ್ರ. ಅದೊಂದನ್ನು ತಿಕ್ಕುವಾಗ ಮಗಳ ಕೈ ಮೆತ್ತಗಾಗುತ್ತಿತ್ತೋ ಏನೋ. ಪಕ್ಕದಲ್ಲಿ ಏನೂ ಕಾಣಲಿಲ್ಲ.

"ಏನೂ ಹೇಳಾಕೆ ಆಗಲ್ರೀ ಅಮ್ಮ," ಎಂದೆ. ಅವರ ಮುಖ ಸಪ್ಪಗಾಯಿತು. ನನಗೂ ಸಂಕಟವಾಯಿತು. ಆದರೆ ಮನೆಗೆ ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸುವ ಊರು ನಮ್ಮ ಸೀಮೆಯಲ್ಲಿಲ್ಲ. ಖಾರ ಮಂಡಕ್ಕಿ, ಮೇಲೊಂದು ಮೆಣಸಿನಕಾಯಿ ಬಜ್ಜಿ ಬಂತು. ಬಂದದ್ದು ಅದೇ ತಟ್ಟೆಯಲ್ಲಿ! ಸಂಗ್ರಹಕಾರನಾದ ನಾನು ಚೀರಬೇಕಿತ್ತು. ಹಸಿದಿದ್ದೆ, ತಿಂದೆ.

ಮಂಡಕ್ಕಿ ತಳ ಮುಟ್ಟುತ್ತಿದ್ದಂತೆ ನನ್ನ ಕೈ ನಿಂತಿತು. ಎಣ್ಣೆ, ಅರಿಶಿನ, ಕೆಂಪು ಖಾರದಪುಡಿ ಸವೆದ ಗೆರೆಗಳೊಳಗೆ ಇಳಿದಿದ್ದವು. ತಿಪ್ಪಣ್ಣನ ಹೆಸರಿಗೆ ಅಂಟಿಕೊಂಡೇ ಇನ್ನೊಂದು ಹೆಸರು ಕೆಂಪಗೆ ಮೇಲೆದ್ದು ಬಂದಿತ್ತು. ಅದರ ಕೆಳಗೆ ನಕ್ಷತ್ರ. ನಕ್ಷತ್ರದ ಪಕ್ಕ ಚಕ್ರ!

"ಅಮ್ಮಾ, ಬರ್ರಿ ಇಲ್ಲಿ! ಆ ಹಡಗಿನ ಚುಕ್ಕಾಣಿ ಹಿಡಿದಿದ್ದೋನು!" ಎಂದು ಕೂಗಿಯೇಬಿಟ್ಟೆ. ಡಿಕ್ಕಿ ಹೊಡೆದ ಎರಡು ಹಡಗುಗಳ ಚುಕ್ಕಾಣಿಯವರು ಒಂದೇ ತಟ್ಟೆಯಲ್ಲಿ ಮಗ್ಗುಲಿಗೆ ಮಗ್ಗುಲು ಕೂತಿದ್ದರು.

ಬಸಮ್ಮ ಬಗ್ಗಿ ನೋಡಿದರು. "ನಮ್ಮಪ್ಪಂದೇ ತಪ್ಪಾಗಿದ್ರೆ ಅವನು ಬಂದು ಮಗ್ಗಲಾಗೇ ಹೆಸರು ಹಾಕ್ತಿದ್ನೇನ್ರೀ?" ಎಂದರು.

ಸಹಿ ಸ್ನೇಹಕ್ಕೆ ಸಾಕ್ಷಿಯೇ ಹೊರತು ಹಡಗು ಯಾವ ಕಡೆ ತಿರುಗಿತು ಎಂಬುದಕ್ಕಲ್ಲ ಎಂಬ ಪಂಡಿತರ ತಕರಾರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಜ್ಜಿಯ ಖಾರದ ಜೊತೆ ನುಂಗಿಕೊಂಡೆ. "ಎಲ್ಲಾದ್ರೂ ಉಂಟೇನ್ರೀ!" ಎಂದೆ.

ತಟ್ಟೆಯ ಬೆಲೆ ಕೇಳುವ ಬಾಯಿ ನನಗೆ ಆಮೇಲೆ ಬರಲಿಲ್ಲ, ಕೇಳಲು ಅವರೂ ಅಲ್ಲಿರಲಿಲ್ಲ. ಉಳಿದ ಮಂಡಕ್ಕಿಯ ಸಮೇತ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಗಿಳಿದಿದ್ದರು. "ಏ ಹಾಲಮ್ಮಾ, ಕನ್ನಡಕ ಹಾಕ್ಕೊಂಡು ಹೊರಾಕೆ ಬಾರೇ! ನಮ್ಮಪ್ಪನ ಹಡಗು ನೋಡುವಂತಿ!"

ತಟ್ಟೆ ಕೊಳ್ಳಲು ಹೊನ್ನಾಳಿಯಿಂದ ಬಂದವನು ನಾನು, ಅರ್ಧ ತಿಂದ ಬಜ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು, ಇಡಲು ತಟ್ಟೆಯಿಲ್ಲದೆ, ನಗುತ್ತ ಕೂತಿದ್ದೆ.