ನಿದ್ದೆಯ ಮಾತು ಕೊಟ್ಟವರು

ಸೊಂಟನೋವಿಗೆಂದು ಸೊಸೆ ಮೊನ್ನೆ ಸ್ಟೇಷನ್ ರಸ್ತೆಯ ಔಷಧ ಅಂಗಡಿಯಿಂದ ಬಿಸಿನೀರಿನ ಚೀಲ ತಂದುಕೊಟ್ಟಳು. ಕೆಂಪು ರಬ್ಬರಿನದು, ಹೊಸದು. ನೀರು ತುಂಬಿ, ಬಿರಡೆ ಬಿಗಿದು ನನ್ನ ಬೆನ್ನ ಹಿಂದೆ ಇಡುವ ಮೊದಲೇ ಅದರ ವಾಸನೆ ಮೂಗಿಗೆ ಬಡಿಯಿತು. "ತಗಿಯವ್ವಾ ಅದನ್ನ!" ಎಂದು ಕಿರುಚಿಯೇ ಬಿಟ್ಟೆ. ನೀರು ಬಹಳ ಸುಡುತ್ತಿದೆಯೇನೋ ಎಂದು ಪಾಪ ಆ ಹುಡುಗಿ ಗಾಬರಿಯಾದಳು. ಸುಡುತ್ತಿರಲಿಲ್ಲ. ಬೆಚ್ಚಗಾದ ರಬ್ಬರಿನ ವಾಸನೆ, ಅಷ್ಟೇ. ಅದನ್ನು ತಿರುಗಿ ಡಬ್ಬಿಗೆ ಹಾಕಿಸಿದೆ. ಆದರೆ ಅದರ ಬೆನ್ನು ಹತ್ತಿ ಬಂದ ಮನುಷ್ಯ ಮಾತ್ರ ಅವತ್ತಿನಿಂದ ಮನೆಯಲ್ಲೇ ಇದ್ದಾರೆ...

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ವಿಜಯಪುರವನ್ನು ಆಗ ಬಿಜಾಪುರ ಎನ್ನುತ್ತಿದ್ದೆವು. ನಾನು ಅದರ ಹತ್ತಿರದ ತಿಕೋಟಾದವಳು. ಅಪ್ಪ ಇರಲಿಲ್ಲ, ಅವ್ವ ಮತ್ತು ನಾನು ಇಬ್ಬರೇ. ಮ್ಯಾಟ್ರಿಕ್ ಮುಗಿಸಿದ ವರ್ಷ, ಸ್ಟೋವಿಗೆ ಪಂಪು ಹೊಡೆಯುವಾಗ ಓಢಣಿಗೆ ಬೆಂಕಿ ಹತ್ತಿತು. ಜೀವ ಉಳಿಯಿತು. ಆದರೆ ಸುಟ್ಟ ಗಾಯ ಮಾಯುತ್ತ ಮಾಯುತ್ತ ಚರ್ಮ ಜಗ್ಗಿಕೊಂಡು ಗದ್ದ ಎದೆಗೆ ಅಂಟಿಬಿಟ್ಟಿತು. ಕುತ್ತಿಗೆ ಅನ್ನುವುದೇ ಇಲ್ಲ. ಕೆಳತುಟಿ ಕೆಳಗೆ ಸೆಳೆದು, ಕುಡಿದ ಅಂಬಲಿ ಅರ್ಧ ಹೊರಗೇ ಸೋರುತ್ತಿತ್ತು. ನೆಲ ಬಿಟ್ಟರೆ ನನಗೆ ಏನೂ ಕಾಣುತ್ತಿರಲಿಲ್ಲ. ಮನೆಗೆ ಬಂದವರನ್ನು ಅವರ ಕಾಲು ನೋಡಿ, ಚಪ್ಪಲಿ ನೋಡಿ ಗುರುತು ಹಿಡಿಯುತ್ತಿದ್ದೆ. ಜನ ನನ್ನ ನೆತ್ತಿಯ ಮೇಲಿಂದಲೇ ಮಾತಾಡಿಕೊಳ್ಳುತ್ತಿದ್ದರು. ಪಾಪ ಅನ್ನುವುದನ್ನೂ ಅಲ್ಲಿಂದಲೇ ಅನ್ನುತ್ತಿದ್ದರು.

ಅವ್ವ ಅವರಿವರನ್ನು ಕೇಳಿ ನನ್ನನ್ನು ಬಿಜಾಪುರದ ಒಂದು ಸಣ್ಣ ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದಳು. ಸೋಲಾಪುರದಿಂದ ಬಂದು ಆಪರೇಷನ್ ಮಾಡಿ ಹೋಗುವ ದೊಡ್ಡ ಡಾಕ್ಟರೊಬ್ಬರು ನೋಡಿದರು. ಅಂಟಿದ ಚರ್ಮ ಕತ್ತರಿಸಿ ತಲೆ ಎತ್ತಿಸಬಹುದು, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಬಹುದು ಎಂದರು. ನಿದ್ದಿ ಡಾಕ್ಟರು ಹೂಂ ಅಂದರೆ ಮಾತ್ರ, ಎಂದೂ ಸೇರಿಸಿದರು. ಆಪರೇಷನ್ನಿಗೆ ಮೊದಲು ಎಚ್ಚರ ತಪ್ಪಿಸುವ ಡಾಕ್ಟರನ್ನು ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಸ್ಕೂಟರಿನ ಮುಂದೆ ಚರ್ಮದ ಚೀಲ ಇಟ್ಟುಕೊಂಡು ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದ ಮನುಷ್ಯ.

ಅವರು ಬಂದ ಮೊದಲ ದಿನ ನನಗೆ ಕಂಡದ್ದು ಪಾಲಿಶ್ ಮಾಡಿದ ಕಂದು ಬೂಟು. ಇನ್ನೊಂದು ಜೋಡಿ ಕಾಲು ಅಂದುಕೊಂಡೆ. ಅಷ್ಟರಲ್ಲಿ ಆ ಬೂಟು ಮಡಚಿತು, ಮೊಣಕಾಲು ಬಂತು, ಆಮೇಲೆ ಒಂದು ಮುಖ ಬಂತು. ಅವರು ನನ್ನ ಮಂಚದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೆಳಗಿನಿಂದ ನನ್ನನ್ನು ನೋಡುತ್ತಿದ್ದರು. ನರೆತ ಮೀಸೆ, ಮೂಗಿನ ಮೇಲೆ ಜಾರಿದ ಚಸ್ಮಾ. "ಈಗ ಕಂಡ್ನೇನು ನಾನು?" ಎಂದು ನಕ್ಕರು. ಅವ್ವನನ್ನು ಬಿಟ್ಟರೆ ಒಂದೂವರೆ ವರ್ಷದಲ್ಲಿ ಯಾರೂ ನನಗಾಗಿ ಹಾಗೆ ಕೂತಿರಲಿಲ್ಲ. ನನಗೆ ಅಳು ಬಂತು. ಆ ಕ್ಷಣವೇ ನಾನು ಅವರನ್ನು ನಂಬಿದೆ. ಬಾಯಿಗೆ ಬಂದದ್ದೂ "ಕಾಕಾ" ಅಂತಲೇ.

ಆಮೇಲೆ ದಿನಾ ಬಂದರು. ಬಾಯಿ ತೆಗೆಸಿದರು, ಎರಡು ಬೆರಳೂ ಸರಿಯಾಗಿ ಒಳಗೆ ಹೋಗುತ್ತಿರಲಿಲ್ಲ. ಮೂಗಿನ ಹೊಳ್ಳೆಗೆ ಹತ್ತಿಯ ಎಳೆ ಹಿಡಿದು ಯಾವುದರಲ್ಲಿ ಉಸಿರು ಜೋರಾಗಿದೆ ನೋಡಿದರು. ನಾನು ಹೇಗೆ ಮಲಗುತ್ತೇನೆ, ಗೊರಕೆ ಹೊಡೆಯುತ್ತೇನಾ ಎಂದು ಅವ್ವನನ್ನು ಕೇಳಿದರು. ಇಷ್ಟೆಲ್ಲ ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಬಗ್ಗೆ ಇಷ್ಟು ಕಾಳಜಿ ಮಾಡುವವರು ಒಬ್ಬರು ಸಿಕ್ಕರಲ್ಲ ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ಒಂದು ದಿನ ಚೀಲದಿಂದ ಕಪ್ಪು ರಬ್ಬರಿನ ಮಾಸ್ಕ್ ತೆಗೆದು ನನ್ನ ಕೈಗೇ ಕೊಟ್ಟರು. "ಇದನ್ನ ಮೂಗು ಬಾಯಿ ಮ್ಯಾಲೆ ಇಡ್ತೇನಿ. ನಾಕ ಸಲ ಉಸರ ತಗೋ, ನಿದ್ದಿ ಬರ್ತದ. ಎಚ್ಚರಾದ ಮ್ಯಾಲೆ ನಿನ್ನ ಗದ್ದ ಮ್ಯಾಲೆ ಇರ್ತದ. ನಡುವಿಂದು ನಿನಗೇನೂ ಗೊತ್ತಾಗೂದಿಲ್ಲ ಮಗಳ."

"ಖರೇನ ಏನೂ ಗೊತ್ತಾಗೂದಿಲ್ಲೇನ್ರಿ ಕಾಕಾ?"

"ನಾ ಇರ್ತೇನಲ್ಲ."

ಆ ಮಾಸ್ಕನ್ನು ನನ್ನ ಹತ್ತಿರವೇ ಬಿಟ್ಟು ಹೋದರು, ರೂಢಿಯಾಗಲಿ ಎಂದು. ನಾನು ಅದನ್ನು ಮುಖಕ್ಕೆ ಹಿಡಿದು ಹಿಡಿದು ಉಸಿರು ತೆಗೆದುಕೊಂಡೆ. ಬೆಚ್ಚಗಿನ ರಬ್ಬರಿನ ವಾಸನೆ ಬರುತ್ತಿತ್ತು. ಮುಂದೆ ಬರಲಿರುವ ನಿದ್ದೆಯ ವಾಸನೆಯೇ ಇದು ಅಂದುಕೊಂಡೆ. ಹದಿನೆಂಟು ವರ್ಷದ ಹುಡುಗಿ, ಗೊಂಬೆ ಸಿಕ್ಕ ಕೂಸಿನ ಹಾಗೆ ಅದನ್ನು ಬಗಲಲ್ಲಿಟ್ಟುಕೊಂಡು ಮಲಗಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಪರೇಷನ್ ದಿನ ಬೆಳಿಗ್ಗೆ ಅವ್ವ ನನ್ನ ಜೊತೆ ಮಾತೇ ಆಡಲಿಲ್ಲ. ಜಡೆ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಹೆದರಿದ್ದಾಳೆ ಅಂದುಕೊಂಡು ನಾನೇ ಅವಳಿಗೆ ಧೈರ್ಯ ಹೇಳಿದೆ. "ಏನೂ ಆಗೂದಿಲ್ಲ ಯವ್ವಾ, ನಾ ಮಲಗಿರ್ತೇನಿ" ಅಂದೆ. ಅವ್ವ ಹೊರಗೆ ಎದ್ದು ಹೋದಳು.

ಒಳಗೆ ನನ್ನನ್ನು ಮಲಗಿಸಲಿಲ್ಲ, ದಿಂಬು ಒಟ್ಟಿ ಅರ್ಧ ಕೂಡಿಸಿದರು. ಕಾಕಾ ತಲೆಯ ಹಿಂದೆ ನಿಂತು ನನ್ನ ಕಣ್ಣಿಗೆ ಒದ್ದೆ ಬಟ್ಟೆ ಹಾಕಿದರು. ನಾನು ಮಾಸ್ಕಿಗೆ ಕಾಯುತ್ತ ಮೂಗು ಅರಳಿಸಿಕೊಂಡು ಕೂತೆ. ಬಂದದ್ದು ಸೂಜಿ. ಗದ್ದದ ಕೆಳಗೆ ಒಂದು, ಪಕ್ಕಕ್ಕೆ ಒಂದು, ಇನ್ನೊಂದು... ಗಟ್ಟಿಯಾದ ಸುಟ್ಟ ಚರ್ಮದಲ್ಲಿ ಸೂಜಿ ಒತ್ತೊತ್ತಿ ಇಳಿಯುತ್ತಿತ್ತು. ಇದೂ ನಿದ್ದೆಯದೇ ಇರಬೇಕು ಎಂದು ಹಲ್ಲು ಕಚ್ಚಿದೆ. ಸ್ವಲ್ಪ ಹೊತ್ತಿಗೆ ಕತ್ತರಿಯ ಸಪ್ಪಳ ಕೇಳಿಸಿತು. ದಪ್ಪ ಗೋಣಿತಟ್ಟು ಕತ್ತರಿಸಿದ ಹಾಗೆ. ಅದು ನನ್ನದೇ ಚರ್ಮ ಅಂತ ತಿಳಿಯಲು ಒಂದು ಕ್ಷಣ ಬೇಕಾಯಿತು. ಒಂದೊಂದು ಕಡೆ ಜೋಮು ಹಿಡಿದಿತ್ತು, ಇನ್ನೊಂದೊಂದು ಕಡೆ ಬೆಂಕಿಯೇ ಮತ್ತೆ ಹತ್ತಿದ ಹಾಗಿತ್ತು.

ನನಗೆ ಆಗ ಹೊಳೆದದ್ದು ಒಂದೇ. ಇವರು ಏನೋ ತಪ್ಪು ಮಾಡುತ್ತಿದ್ದಾರೆ, ಕಾಕಾನಿಗೆ ಗೊತ್ತಾಗಿಲ್ಲ, ಗೊತ್ತಾದರೆ ನಿಲ್ಲಿಸುತ್ತಾರೆ. ಇದ್ದಷ್ಟು ಗಂಟಲಿನಲ್ಲಿ ಕೂಗಿದೆ.

"ಕಾಕಾ, ತಡೀರಿ! ನನಗ ಇನ್ನೂ ನಿದ್ದಿ ಬಂದಿಲ್ಲ! ತಪ್ಪಾಗಾಕತ್ತೈತ್ರಿ!"

"ಗೊತ್ತದ ಮಗಳ" ಎಂದರು ಕಾಕಾ, ನನ್ನ ಎರಡೂ ಕಪಾಳಗಳನ್ನು ಗಟ್ಟಿಯಾಗಿ ಹಿಡಿದುಕೊಂಡು. "ಮಾತಾಡ್ಕೋತ ಇರು. ನಿಲ್ಲಸಬ್ಯಾಡ."

ಕತ್ತರಿಯ ನೋವು ಎಂದೋ ಮರೆತೆ. ಹೆಂಗಸರಿಗೆ ನೋವು ಮರೆಯುವುದು ದೊಡ್ಡ ಮಾತಲ್ಲ, ಆಮೇಲೆ ಎರಡು ಹೆತ್ತಿದ್ದೇನೆ. ಆ "ಗೊತ್ತದ" ಎಂಬ ಮಾತು ಮಾತ್ರ ಇವತ್ತಿಗೂ ಹಸಿಯಾಗಿದೆ. ಕೂಗಿದರೆ ಬಂದು ಬಿಡಿಸುತ್ತಾರೆ ಎಂದು ಯಾರನ್ನು ಕರೆದೆನೋ ಅವರೇ ನನ್ನ ತಲೆ ಹಿಡಿದುಕೊಂಡಿದ್ದರು.

ಕೊನೆಗೊಮ್ಮೆ ಏನೋ ಕಡಿದು ಬಿಟ್ಟುಕೊಂಡಿತು. ತಲೆ ಹಿಂದಕ್ಕೆ ಬಿತ್ತು. ಕಣ್ಣಿನ ಬಟ್ಟೆ ಜಾರಿತು. ಒಂದೂವರೆ ವರ್ಷದ ಮೇಲೆ ಮೊದಲ ಸಲ ಮೇಲಿನ ಛಾವಣಿ ಕಂಡಿತು, ದೀಪ ಕಂಡಿತು, ಅದರ ಕೆಳಗೆ ಅವರ ಮುಖ ಕಂಡಿತು. ಆಗ ಬಂತು ರಬ್ಬರಿನ ಮಾಸ್ಕ್. ಈಗ ನನಗೆ ಅದು ಬೇಡವಾಗಿತ್ತು. ಮುಖ ತಿರುಗಿಸಲು ಒದ್ದಾಡಿದೆ, ಕಚ್ಚಲು ನೋಡಿದೆ. ಅವರು ಒತ್ತಿ ಹಿಡಿದರು... ಅಲ್ಲಿಗೆ ಮುಗಿಯಿತು.

ಎಚ್ಚರಾದಾಗ ಗದ್ದ ಮೇಲಿತ್ತು. ಅಷ್ಟು ಮಟ್ಟಿಗೆ ಮಾತು ಉಳಿಸಿಕೊಂಡಿದ್ದರು. ಮರುದಿನ ಬಂದು ರೂಢಿಯಂತೆ ಮಂಚದ ಮುಂದೆ ಕುಕ್ಕರಗಾಲಿನಲ್ಲಿ ಕೂತರು, ಆಮೇಲೆ ಅದರ ಅಗತ್ಯ ಇಲ್ಲ ಅನ್ನುವುದು ನೆನಪಾಗಿ ನಗುತ್ತ ಎದ್ದು ನಿಂತರು. ನಿಂತವರ ಮುಖ ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಂಡೆ. ದವಾಖಾನೆ ಬಿಡುವ ತನಕ ಅವರೊಂದಿಗೆ ಒಂದು ಮಾತೂ ಆಡಲಿಲ್ಲ.

ಯಾಕೆ ಹಾಗೆ ಮಾಡಿದರು ಎಂದು ಹೇಳಿದ್ದು ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಸಿಸ್ಟರು. ಎಚ್ಚರ ತಪ್ಪಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದಂತೆ. ಬೇರೆಯವರಿಗಾದರೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಗಂಟಲಿಗೆ ನಳಿಗೆ ಇಳಿಸುತ್ತಾರೆ. ನನ್ನ ತಲೆ ಬಾಗುತ್ತಿರಲಿಲ್ಲ, ಗದ್ದ ಏಳುತ್ತಿರಲಿಲ್ಲ, ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಕೊನೆಯ ಉಪಾಯವಾಗಿ ಹೊರಗಿನಿಂದ ಶ್ವಾಸನಾಳ ಕೊಯ್ಯೋಣ ಎಂದರೆ ಅದು ಚರ್ಮದಡಿ ಎಲ್ಲಿದೆ ಅನ್ನುವುದೇ ತಿಳಿಯುವ ಹಾಗಿರಲಿಲ್ಲ. "ಹಿಂತಾ ಕುತ್ತಿಗಿ ಇದ್ದಾಕಿಗೆ ಮೊದಲ ನಿದ್ದಿ ಕೊಟ್ಟು, ಆಕಿ ಮೇಜಿನ ಮ್ಯಾಲೇ ಹೋಗಿದ್ದನ್ನ ಬ್ಯಾರೆ ಊರಾಗ ಅವರು ಕಣ್ಣಾರೆ ನೋಡ್ಯಾರ" ಎಂದರು ಸಿಸ್ಟರು. "ಅದಕ್ಕ ಕುತ್ತಿಗಿ ಬಿಡಿಸೂತನಕ ನಿನ್ನ ಎಚ್ಚರ ಇಟ್ಟಿದ್ರು. ನೀ ಮಾತಾಡಾಕತ್ತಿ ಅಂದ್ರ ಉಸರ ಆಡಾಕತ್ತೈತಿ ಅಂತ ಅರ್ಥ. ನಿಮ್ಮವ್ವಗ ಎಲ್ಲಾ ತಿಳಿಸಿ ಹೇಳಿದ್ರಲ್ಲವಾ?"

ಅವ್ವನಿಗೆ ಹೇಳಿದ್ದರು. ಸಿಸ್ಟರಿಗೆ ಗೊತ್ತಿತ್ತು, ಸೋಲಾಪುರದವರಿಗೆ ಗೊತ್ತಿತ್ತು, ಬಾಗಿಲಲ್ಲಿ ಕೂತ ಆಯಾಗೂ ಗೊತ್ತಿತ್ತೋ ಏನೋ. ಕುತ್ತಿಗೆ ಯಾರದೋ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಡಾಕ್ಟರ ಹೇಳಬ್ಯಾಡ ಅಂದಿದ್ರವ್ವಾ" ಎಂದಳು.

ಐದಾರು ವರ್ಷ ಕಳೆದು ನನಗೆ ಬಬಲೇಶ್ವರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಮಕ್ಕಳ ಎದುರು ತಲೆಯೆತ್ತಿ ನಿಂತು ಪಾಠ ಮಾಡುತ್ತಿದ್ದೆ. ನಿಂತದ್ದು ಕಾಕಾ ಉಳಿಸಿದ ಜೀವದಿಂದಲೇ ಅನ್ನುವುದು ಗೊತ್ತಿತ್ತು. ಆದರೂ ಒಳಗೆ ಒಂದು ಕುದಿ ಆರಿರಲಿಲ್ಲ. ಯಾರೇ "ಏನೂ ಆಗೂದಿಲ್ಲ, ನಾ ಇದ್ದೇನಿ" ಅಂದರೂ ನನಗೆ ಬೆವರು ಬರುತ್ತಿತ್ತು. ಅಷ್ಟರಲ್ಲಿ ಮದುವೆಯೂ ಆಗಿತ್ತು; ಗಂಡ ಒಳ್ಳೆಯವನು, ಅವನು ಅಂದರೂ ಅಷ್ಟೇ. ಒಂದು ಭಾನುವಾರ ಬಸ್ಸು ಹತ್ತಿ ಬಿಜಾಪುರಕ್ಕೆ ಹೋಗಿ ಅವರ ಮನೆ ಹುಡುಕಿದೆ.

ಬಾಗಿಲು ಅವರೇ ತೆಗೆದರು. ಯಾರು ಬೇಕಾಗಿತ್ತು ಅನ್ನುವ ಹಾಗೆ ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಕೆಳಗಿಳಿಯಿತು. ಮೊದಲು ನನ್ನ ಕುತ್ತಿಗೆಯ ಗುರುತು ಹಿಡಿದರು, ಆಮೇಲೆ ನನ್ನನ್ನು. ಖುಷಿಯಿಂದ ಹೆಂಡತಿಯನ್ನು ಕೂಗಿ ಕರೆದರು, "ನೋಡ ಬಾ ಇಲ್ಲೆ, ಎಷ್ಟ ಚಂದ ಕೂಡ್ಯದ!" ಚಹಾ ಬಂತು. ನನಗೆ ಚಹಾ ಬೇಕಿರಲಿಲ್ಲ.

"ನನಗ ಯಾಕ ಹೇಳಲಿಲ್ರಿ ಕಾಕಾ?" ಎಂದೆ.

ಅವರಿಗೆ ತಿಳಿಯಿತು, ತಿಳಿಯದವರಂತೆ ನಟಿಸಲಿಲ್ಲ. ಅದೊಂದು ದೊಡ್ಡ ಗುಣ. "ನಿಮ್ಮವ್ವ ಕೈ ಮುಗದು ಹೇಳಬ್ಯಾಡ್ರಿ ಅಂದ್ಲು" ಎಂದರು. ಅವ್ವ ಹೇಳಿದ್ದು ಬೇರೆ ಎಂದೆ. ಇಬ್ಬರಲ್ಲಿ ಯಾರ ಮಾತು ನಿಜವೋ, ಇಂದಿಗೂ ನನಗೆ ತಿಳಿಯದು. ಅವರು ಚಸ್ಮಾ ತೆಗೆದು ಒರೆಸುತ್ತ, "ಹೇಳಿದ್ರ ಹೆದರಿ ಊರಿಗೆ ಓಡಿ ಹೋಗ್ತಿದ್ದಿ" ಎಂದರು.

"ನಾ ಓಡ್ತಿದ್ದಿಲ್ರಿ."

"ಎಲ್ಲಾರೂ ಹಂಗ ಅಂತಾರ, ಆಮ್ಯಾಲೆ." ಚಸ್ಮಾ ತಿರುಗಿ ಹಾಕಿಕೊಂಡು ಕೇಳಿದರು. "ಇನ್ನೂ ಸಿಟ್ಟ ಅದ ಏನು?"

"ಐತ್ರಿ."

"ಇರಲಿ" ಎಂದು ನಕ್ಕರು. "ಸಿಟ್ಟ ಮಾಡಾಕ ಜೀವ ಇರಬೇಕಲ್ಲ ಮಗಳ."

ಎದುರಿಗೆ ಕೂತ ಮುದುಕ ಹೇಳಿದ ಆ ಕೊನೆಯ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಬಬಲೇಶ್ವರದ ತನಕ ಅತ್ತೆ. ಕ್ಷಮಿಸು ಅನ್ನುತ್ತಾರೆ ಅಂದುಕೊಂಡು ಹೋಗಿದ್ದೆ. ಅವರು ತಮ್ಮ ಕೈಕೆಲಸ ನೋಡಿ ಸಂತೋಷಪಟ್ಟರು, ಅಷ್ಟೇ. ಅದಾಗಿ ಬಹಳ ವರ್ಷ ಬದುಕಲಿಲ್ಲ ಎಂದು ಯಾರೋ ಹೇಳಿದರು. ಅವ್ವನೂ ಹೋದಳು...

ಈಗ ಇದೇ ವಿಜಯಪುರದ ಜಲನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಓದಿದ ಡಾಕ್ಟರುಗಳನ್ನು ಕೇಳಿದ್ದೇನೆ. ಆ ಕಾಲಕ್ಕೆ, ಆ ಕುತ್ತಿಗೆಗೆ, ಅವರು ಮಾಡಿದ್ದೇ ಸರಿ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಎಚ್ಚರವಾಗಿಯೇ ಕೊಯ್ಯಬೇಕು, ಇಲ್ಲದಿದ್ದರೆ ಉಸಿರು ನಿಲ್ಲುತ್ತದೆ ಎಂದು ಆ ಕುಕ್ಕರಗಾಲಿನಲ್ಲಿ ಕೂತೇ ನನಗೆ ಹೇಳಿದ್ದರೆ, ನಾನು ಹೂಂ ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಅಷ್ಟು ನಂಬಿದ್ದೆ ಅವರನ್ನು. ಹಾಗೆ ಆಮೇಲೆ ಯಾರನ್ನೂ ನಂಬಲು ನನ್ನಿಂದ ಆಗಲಿಲ್ಲ. ಗಂಡನನ್ನು ಆಗಲಿಲ್ಲ, ಮಕ್ಕಳನ್ನು ಆಗಲಿಲ್ಲ. ಅವ್ವನನ್ನಂತೂ ಇಲ್ಲವೇ ಇಲ್ಲ.

ಅವತ್ತು ಅವರ ಮನೆಯಲ್ಲಿ ಕೊಡಬೇಕಾಗಿದ್ದ ಉತ್ತರ ಈ ವಯಸ್ಸಿನಲ್ಲಿ ಸಿಕ್ಕಿದೆ. ನಿನ್ನೆ ಸಂಜೆ ಅಡುಗೆಮನೆಯಲ್ಲಿ ಒಬ್ಬಳೇ ಮೆಂತ್ಯಪಲ್ಯದ ಎಲೆ ಬಿಡಿಸುತ್ತ ಕೂತಿದ್ದೆ, ಬಾಯಿಂದ ಜೋರಾಗಿಯೇ ಬಂದುಬಿಟ್ಟಿತು. "ಜೀವ ನಂದಿತ್ರಿ ಕಾಕಾ. ನನ್ನ ಒಂದ ಮಾತ ಕೇಳಬೇಕಾಗಿತ್ತು."

ಹೊರಗಿನಿಂದ ಸೊಸೆ ಕೇಳಿದಳು, "ಯಾರ ಜೋಡಿ ಮಾತಾಡಾಕತ್ತೀರಿ ಅತ್ತಿ?"

"ಯಾರೂ ಇಲ್ಲವ್ವಾ" ಅಂದೆ. "ಯಾರೂ ಇಲ್ಲ."